ಶೇಕಡಾ ಸರಿ, ಯಾವುದರ ಶೇಕಡಾ?

ಬಿಂಡಿಗನವಿಲೆ ಕಡೆಯ ಓದುಗರೊಬ್ಬರು ಕೇಳಿರುವ ಪ್ರಶ್ನೆಯನ್ನು ಈ ವಾರ ಎತ್ತಿಕೊಂಡಿದ್ದೇನೆ. ಇದು ಅವರೊಬ್ಬರ ಪ್ರಶ್ನೆಯೂ ಅಲ್ಲ. ಮಕ್ಕಳನ್ನು ವಿಜ್ಞಾನ ಓದಿಸುತ್ತಿರುವ ಹಲವರು ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತ ಬಂದಿದ್ದಾರೆ. ಅವರ ಮಾತಿನಲ್ಲೇ ಹೇಳುವುದಾದರೆ: "ನಮ್ಮ ಹುಡುಗ ಬಿ.ಎಸ್ಸಿ. ಓದ್ತಾವ್ನೆ. ಲ್ಯಾಬ್‌ನಲ್ಲಿ ಏನೋ ತಯಾರಿಸಿದ್ನಂತೆ, ಇಳುವರಿ ಶೇಕಡಾ 84 ಬಂತಂತೆ. ಮೇಷ್ಟ್ರು ಪರವಾಗಿಲ್ಲ ಅಂದ್ರಂತೆ. ನಮ್ಮ ಭಾವಮೈದ ಕೆ.ಆರ್. ಪೇಟೆ ಕಡೆ ಕಬ್ಬು ಬೆಳೀತಾನೆ. ಅಲ್ಲಿ ಇಳುವರಿ ಒಂಬತ್ತೂವರೆ ದಾಟಿದ್ರೆ ಎಲ್ಲಾರೂ ಸಂತೋಷ ಪಡ್ತಾರೆ. ಒಂದು ಕಡೆ 84 ಬಂದ್ರೂ ಬರೀ ಪರವಾಗಿಲ್ಲ, ಇನ್ನೊಂದು ಕಡೆ ಒಂಬತ್ತೂವರೆಗೇ ಹಬ್ಬ. ಇದ್ಯಾವ ಲೆಕ್ಕ ಸ್ವಾಮಿ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಎರಡು ಲೆಕ್ಕವೂ ಸರಿ, ಆದರೆ ಎರಡರಲ್ಲಿ ಭಾಗಿಸಿರುವ ಸಂಖ್ಯೆ ಬೇರೆ ಬೇರೆ. ಸಕ್ಕರೆ ಕಾರ್ಖಾನೆಯಲ್ಲಿ ಸಿಕ್ಕ ಸಕ್ಕರೆಯನ್ನು ಅರೆದ ಕಬ್ಬಿನ ಒಟ್ಟು ತೂಕದಿಂದ ಭಾಗಿಸುತ್ತಾರೆ. ಲ್ಯಾಬ್‌ನಲ್ಲಿ ಹುಡುಗ ತನಗೆ ಸಿಕ್ಕ ಪದಾರ್ಥವನ್ನು, ಹೆಚ್ಚೆಂದರೆ ಎಷ್ಟು ಸಿಗಬಹುದಿತ್ತೋ ಆ ತೂಕದಿಂದ ಭಾಗಿಸುತ್ತಾನೆ. ಗೆರೆಯ ಮೇಲೆ ಏನಿದೆ ಎಂದು ಎಲ್ಲರೂ ನೋಡುತ್ತಾರೆ. ಗೆರೆಯ ಕೆಳಗೆ ಏನಿದೆ ಎಂದು ನೋಡುವವರು ಕಡಿಮೆ. ರಸಾಯನಶಾಸ್ತ್ರ ಪಾಠ ಹೇಳಿದ ನನ್ನ ಅನುಭವದಲ್ಲಿ ಈ ವಿಷಯದಲ್ಲಿ ಮಕ್ಕಳು ಎಡವುವುದು ಗುಣಾಕಾರ ಭಾಗಾಕಾರ ಬಾರದೆ ಅಲ್ಲವೇ ಅಲ್ಲ, ಈ ಛೇದವನ್ನು ತಪ್ಪಾಗಿ ಹಿಡಿದು.

ಕಬ್ಬಿನಿಂದಲೇ ಶುರು ಮಾಡೋಣ. ಒಂದು ಟನ್ ಕಬ್ಬಿನಲ್ಲಿ ಸುಮಾರು 700 ಕೆ.ಜಿ. ನೀರೇ ಇರುತ್ತದೆ. ನಾರು 130-140 ಕೆ.ಜಿ. ಹಿಡಿಯುತ್ತದೆ. ತಳಿ, ಮಣ್ಣು, ಕಟಾವಿನ ಕಾಲ ನೋಡಿಕೊಂಡು ಸಕ್ಕರೆ 120ರಿಂದ 140 ಕೆ.ಜಿ. ಇದ್ದೀತು. ಲೆಕ್ಕಕ್ಕೆ 120 ಎಂದೇ ಇಟ್ಟುಕೊಳ್ಳಿ. ಅದರಲ್ಲಿ ಕಾರ್ಖಾನೆ 100 ಕೆ.ಜಿ. ಹೊರತೆಗೆದು ಮೂಟೆ ಕಟ್ಟಿತು ಅಂದರೆ, ಕಬ್ಬಿನ ತೂಕದ ಮೇಲೆ ಇಳುವರಿ ಶೇಕಡಾ 10. ಇದ್ದ ಸಕ್ಕರೆಯ ಮೇಲೆ ಲೆಕ್ಕ ಹಾಕಿದರೆ ಶೇಕಡಾ 83. ಅದೇ ಕಬ್ಬು, ಅದೇ ಗಾಣ, ಅದೇ ಮೂಟೆ. ರೈತ ತೂಕದ ಸೇತುವೆಯ ಮೇಲೆ ಮಾರುವುದು ಇಡೀ ಕಬ್ಬನ್ನು, ಆದ್ದರಿಂದ ಬೆಲೆ ಕಟ್ಟಲು ಮೊದಲನೆಯ ಲೆಕ್ಕವೇ ಅನುಕೂಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ಎಫ್‌ಆರ್‌ಪಿ (ರೈತರಿಗೆ ಕೊಡಬೇಕಾದ ಕನಿಷ್ಠ ಬೆಲೆ) ಗೊತ್ತು ಮಾಡಿದ್ದು ಶೇಕಡಾ 10.25ರ ಇಳುವರಿಗೆ. ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಬೆಲೆಗೆ ಈ ಸಂಖ್ಯೆ ಸಾಕು. ಆದರೆ ಕಾರ್ಖಾನೆ ಎಷ್ಟು ಚೊಕ್ಕವಾಗಿ ಕೆಲಸ ಮಾಡಿತು ಎಂದು ಇದರಿಂದ ತಿಳಿಯುವುದಿಲ್ಲ. ಸಪ್ಪೆ ಕಬ್ಬನ್ನು ಒಳ್ಳೆಯ ಯಂತ್ರ ಅರೆದರೂ ಒಂಬತ್ತೂವರೆ ಬರಬಹುದು, ಸಿಹಿ ಕಬ್ಬನ್ನು ಕೆಟ್ಟ ಯಂತ್ರ ಅರೆದರೂ ಒಂಬತ್ತೂವರೆ ಬರಬಹುದು.

ಸಕ್ಕರೆ ತೆಗೆಯುವುದೆಂದರೆ ಕಬ್ಬಿನೊಳಗೆ ಇರುವುದನ್ನೇ ಬೇರ್ಪಡಿಸುವುದು. ರಾಸಾಯನಿಕ ಕ್ರಿಯೆ ಹಾಗಲ್ಲ, ಅಲ್ಲಿ ಇದ್ದ ಪದಾರ್ಥ ಹೋಗಿ ಹೊಸ ಪದಾರ್ಥ ಹುಟ್ಟುತ್ತದೆ. ಹಾಕಿದ ತೂಕಕ್ಕೂ ಬರುವ ತೂಕಕ್ಕೂ ನೇರ ಹೋಲಿಕೆ ಮಾಡುವ ಹಾಗೇ ಇಲ್ಲ. ನೂರು ಕೆ.ಜಿ. ಶುದ್ಧ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಪೂರ್ತಿ ಸುಟ್ಟರೂ ಸಿಗುವ ಸುಟ್ಟ ಸುಣ್ಣ 56 ಕೆ.ಜಿ. ಮಾತ್ರ. ಉಳಿದ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಲೇಬೇಕು, ಅದು ಪ್ರಕೃತಿಯ ಕಟ್ಟು. ಗೂಡಿನವನಿಗೆ 50 ಕೆ.ಜಿ. ಸುಣ್ಣ ಸಿಕ್ಕಿತು ಎಂದರೆ ಅವನು ಅರ್ಧ ಕಳೆದುಕೊಂಡ ಎನ್ನಬಾರದು. 56ಕ್ಕೆ 50, ಅಂದರೆ ಶೇಕಡಾ 89 ಪಡೆದ ಎನ್ನಬೇಕು. ಈ 56ಕ್ಕೆ ಸೈದ್ಧಾಂತಿಕ ಇಳುವರಿ ಎಂದು ಹೆಸರು, 50ಕ್ಕೆ ವಾಸ್ತವ ಇಳುವರಿ ಎಂದು ಹೆಸರು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಇಳುವರಿ. ಸೂತ್ರ ಇಷ್ಟೇ. ಕಷ್ಟವೆಲ್ಲ ಇರುವುದು ಆ 56 ಎಲ್ಲಿಂದ ಬಂತು ಎಂದು ತಿಳಿಯುವುದರಲ್ಲಿ.

ಅಣುಗಳು ಒಂದರೊಡನೊಂದು ಸೇರುವುದು ಎಣಿಕೆಯ ಲೆಕ್ಕದಲ್ಲಿ. ನಮ್ಮ ತಕ್ಕಡಿ ತೋರಿಸುವುದು ತೂಕವನ್ನು. ಎಣಿಕೆಯನ್ನು ತೂಕಕ್ಕೂ ತೂಕವನ್ನು ಎಣಿಕೆಗೂ ತಿರುಗಿಸಲೆಂದೇ ಮೋಲ್ ಎಂಬ ಅಳತೆ ಇರುವುದು. ಬಿ.ಎಸ್ಸಿ. ಲ್ಯಾಬ್‌ಗಳಲ್ಲಿ ಮಾಡಿಸುವ ಆಸ್ಪಿರಿನ್ ತಯಾರಿಕೆಯನ್ನೇ ನೋಡಿ. ಸ್ಯಾಲಿಸಿಲಿಕ್ ಆಮ್ಲದ ಒಂದು ಮೋಲ್ ತೂಗುವುದು 138 ಗ್ರಾಂ. ಅಸೆಟಿಕ್ ಅನ್‌ಹೈಡ್ರೈಡ್‌ನ ಒಂದು ಮೋಲ್ 102 ಗ್ರಾಂ. ಇವೆರಡೂ ಒಂದಕ್ಕೊಂದು ಸೇರಿ 180 ಗ್ರಾಂ ಆಸ್ಪಿರಿನ್ ಮತ್ತು 60 ಗ್ರಾಂ ಅಸೆಟಿಕ್ ಆಮ್ಲ ಕೊಡುತ್ತವೆ. ಆ ಕಡೆ 240, ಈ ಕಡೆಯೂ 240. ಈಗ ಹುಡುಗ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ ತೆಗೆದುಕೊಂಡ ಎನ್ನಿ. 138ಕ್ಕೆ 180 ಆದರೆ 2ಕ್ಕೆ ಎಷ್ಟು? ತ್ರೈರಾಶಿ ಹಾಕಿದರೆ 2.61 ಗ್ರಾಂ. ಅವನಿಗೆ ಕೊನೆಗೆ ಸಿಕ್ಕಿದ್ದು 2.2 ಗ್ರಾಂ. 2.2 ಭಾಗಿಸು 2.61, ಗುಣಿಸು 100: ಶೇಕಡಾ 84. ಇಲ್ಲಿಯೇ ಅನೇಕರು 2.2ನ್ನು ತಾವು ಹಾಕಿದ 2 ಗ್ರಾಂನಿಂದ ಭಾಗಿಸಿ ಶೇಕಡಾ 110 ಎಂದು ಬರೆದುಬಿಡುತ್ತಾರೆ. ಕೆಲಸ ಚೆನ್ನಾಗಿಯೇ ಮಾಡಿರುತ್ತಾರೆ, ಛೇದ ತಪ್ಪಿರುತ್ತದೆ.

ಇನ್ನೊಂದು ಪ್ರಶ್ನೆ ತಕ್ಷಣ ಏಳುತ್ತದೆ. ಲೆಕ್ಕವನ್ನು ಸ್ಯಾಲಿಸಿಲಿಕ್ ಆಮ್ಲದಿಂದಲೇ ಏಕೆ ಹಿಡಿಯಬೇಕು, ಇನ್ನೊಂದು ಪದಾರ್ಥದಿಂದ ಏಕೆ ಹಿಡಿಯಬಾರದು? ಪಿಯುಸಿ ಮಕ್ಕಳು ಲಿಮಿಟಿಂಗ್ ರಿಯೇಜೆಂಟ್ ಎಂಬ ಹೆಸರು ಕೇಳಿದರೆ ಬೆವರುವುದು ಇಲ್ಲೇ. ನಿಜಕ್ಕೂ ಇದು ಗಾಡಿ ಹೂಡುವಷ್ಟೇ ಸರಳ. ಒಂದು ಗಾಡಿಗೆ ಎರಡು ಎತ್ತು ಬೇಕು. ಊರಲ್ಲಿ ಹತ್ತು ಗಾಡಿ, ಹದಿನಾರು ಎತ್ತು ಇದ್ದರೆ ಜಾತ್ರೆಗೆ ಹೊರಡುವುದು ಎಂಟೇ ಗಾಡಿ. ಎತ್ತಿನ ಸಂಖ್ಯೆ ಗಾಡಿಗಿಂತ ದೊಡ್ಡದಿದ್ದರೂ ಮೊದಲು ಮುಗಿಯುವುದು ಎತ್ತೇ. ಆಸ್ಪಿರಿನ್ ಪ್ರಯೋಗದಲ್ಲಿ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲಕ್ಕೆ 5 ಮಿ.ಲೀ. ಅಸೆಟಿಕ್ ಅನ್‌ಹೈಡ್ರೈಡ್ ಹಾಕುತ್ತೇವೆ, ಅದು ಸುಮಾರು 5.4 ಗ್ರಾಂ. ಮೋಲ್‌ಗೆ ತಿರುಗಿಸಿದರೆ ಮೊದಲನೆಯದು 0.0145, ಎರಡನೆಯದು 0.053. ಎರಡನೆಯದು ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಇದೆ. ಸ್ಯಾಲಿಸಿಲಿಕ್ ಆಮ್ಲ ಮುಗಿದ ಕೂಡಲೇ ಕ್ರಿಯೆ ನಿಲ್ಲುತ್ತದೆ. ಹಾಗಾಗಿ ಸೈದ್ಧಾಂತಿಕ ಇಳುವರಿಯನ್ನು ನಿರ್ಧರಿಸುವ ಹಕ್ಕು ಅದಕ್ಕೇ ಸೇರಿದ್ದು. ಯಾವುದರ ಗ್ರಾಂ ಕಡಿಮೆ ಎಂದು ನೋಡಬಾರದು, ಸಮೀಕರಣ ಕೇಳುವ ಪ್ರಮಾಣದಲ್ಲಿ ಯಾವುದರ ಮೋಲ್ ಕಡಿಮೆ ಬೀಳುತ್ತದೆ ಎಂದು ನೋಡಬೇಕು. ಇಷ್ಟು ಮನಸ್ಸಿನಲ್ಲಿ ಕೂತರೆ ಪರೀಕ್ಷೆಯಲ್ಲಿ ಈ ಭಾಗದ ಅರ್ಧ ಅಂಕ ಕೈ ಸೇರಿದಂತೆಯೇ.

ಹಾಗಾದರೆ ಬಾಕಿ ಶೇಕಡಾ 16 ಎಲ್ಲಿ ಹೋಯಿತು? ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿಸಿದ್ದು ಈ ಪ್ರಶ್ನೆ. ಲ್ಯಾಬ್‌ನ ಮೇಜಿನ ಪಕ್ಕ ನಿಂತು ನೋಡಿದರೆ ಉತ್ತರ ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಬಿಳಿ ಪುಡಿ, ಅದರ ಮೇಲೆ ಮೂಗಿಗೆ ಚುಚ್ಚುವ ಅನ್‌ಹೈಡ್ರೈಡ್, ಕೆಲವು ಹನಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಬಿಸಿನೀರಿನಲ್ಲಿ ಇಟ್ಟು ಅಲ್ಲಾಡಿಸುತ್ತಿದ್ದರೆ ಪುಡಿ ಕರಗಿ ದ್ರಾವಣ ತಿಳಿಯಾಗುತ್ತದೆ. ಮಂಜುಗಡ್ಡೆ ನೀರಿಗೆ ಸುರಿದ ಕೂಡಲೇ ಹರಳುಗಳು ಒಡೆದ ಹಾಲಿನ ಹಾಗೆ ಬೇರೆಯಾಗುತ್ತವೆ. ಬುಕ್ನರ್ ಆಲಿಕೆಯಲ್ಲಿ ಸೋಸುವಾಗ ಫ್ಲಾಸ್ಕಿನ ಗೋಡೆಗೆ ಒಂದಿಷ್ಟು ಅಂಟಿಕೊಳ್ಳುತ್ತದೆ, ಗಾಜಿನ ಕಡ್ಡಿಗೆ ಒಂದಿಷ್ಟು, ಸೋಸುವ ಕಾಗದದ ಎಳೆಗಳಲ್ಲಿ ಒಂದಿಷ್ಟು. ಆಸ್ಪಿರಿನ್ ನೀರಿನಲ್ಲಿ ಪೂರ್ತಿ ಕರಗದ ಪದಾರ್ಥವೂ ಅಲ್ಲ. 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ 100 ಮಿ.ಲೀ. ನೀರು ಸುಮಾರು 0.3 ಗ್ರಾಂನಷ್ಟನ್ನು ಕರಗಿಸಿಕೊಳ್ಳುತ್ತದೆ. ಹರಳು ಬೆಳ್ಳಗಾಗಲಿ ಎಂದು ಹುಡುಗರು ಉದಾರವಾಗಿ ನೀರು ಸುರಿದು ತೊಳೆದಾಗ ಇಳುವರಿಯೂ ಸಿಂಕಿನ ಪಾಲಾಗುತ್ತದೆ. ಇದಲ್ಲದೆ ಸ್ವಲ್ಪ ಸ್ಯಾಲಿಸಿಲಿಕ್ ಆಮ್ಲ ಕ್ರಿಯೆಗೆ ಒಳಗಾಗದೆ ಹಾಗೇ ಉಳಿದಿರುತ್ತದೆ. ಒಂದು ಹನಿ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ ಬಂದು ಅದು ಅಲ್ಲಿರುವುದು ಬಯಲಾಗುತ್ತದೆ.

ಇದರ ತದ್ವಿರುದ್ಧವಾದ ಸಮಸ್ಯೆಯೂ ಉಂಟು. ಛೇದ ಸರಿಯಾಗಿ ಹಿಡಿದ ಮೇಲೂ ಕೆಲವರಿಗೆ ನೂರಕ್ಕಿಂತ ಹೆಚ್ಚು ಬರುತ್ತದೆ. 2.61 ಬರಬೇಕಾದಲ್ಲಿ ತಕ್ಕಡಿ 2.9 ತೋರಿಸಿದರೆ ಶೇಕಡಾ 111. ದ್ರವ್ಯ ಹುಟ್ಟಿಬಂದಿತೇ? ಇಲ್ಲ. ಹರಳಿನ ನಡುವೆ ನೀರು ಉಳಿದಿದೆ, ಅಥವಾ ಬೇರೆ ಪದಾರ್ಥ ಬೆರೆತಿದೆ. ಮಧ್ಯಾಹ್ನದ ಲ್ಯಾಬ್ ಮುಗಿಯುವ ಗಡಿಬಿಡಿಯಲ್ಲಿ ಒದ್ದೆಯನ್ನೇ ತೂಗಿದವರಿಗೆ ಇದು ಮಾಮೂಲು. ಒಣಗಿಸಿ ಮತ್ತೆ ತೂಗಬೇಕು, ತೂಕ ಬದಲಾಗದೆ ನಿಲ್ಲುವವರೆಗೂ ಒಣಗಿಸಬೇಕು. ಆಮೇಲೆ ಕರಗುವ ಬಿಂದು ನೋಡಬೇಕು. ಶುದ್ಧ ಆಸ್ಪಿರಿನ್ 135 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಕಲಬೆರಕೆ ಇದ್ದರೆ ಅದಕ್ಕೂ ಮೊದಲೇ ಮೆತ್ತಗಾಗಲು ಶುರುವಾಗುತ್ತದೆ. ಶುದ್ಧತೆ ಹೇಳದೆ ಇಳುವರಿ ಮಾತ್ರ ಹೇಳುವುದು ಒದ್ದೆ ರಾಗಿಯನ್ನು ಸಂತೆಯಲ್ಲಿ ಒಣರಾಗಿಯ ಬೆಲೆಗೆ ಅಳೆದಂತೆಯೇ ಸರಿ. ನೂರು ದಾಟಿದ ಇಳುವರಿ ಕಂಡರೆ ಹಿಗ್ಗುವುದನ್ನು ಬಿಟ್ಟು ತಕ್ಕಡಿಯ ಕಡೆಗೆ ವಾಪಸು ಹೋಗಬೇಕು.

ಇಳುವರಿ ಸೋರುವ ದಾರಿಗಳಲ್ಲಿ ಪಕ್ಕಕ್ರಿಯೆ ಎಂಬುದು ಇನ್ನೊಂದು. ನಮಗೆ ಬೇಕಾದ ಕ್ರಿಯೆಯ ಜೊತೆಗೆ, ಅಥವಾ ಅದಕ್ಕೆ ವಿರುದ್ಧವಾಗಿ, ಬೇಡದ ಕ್ರಿಯೆಯೊಂದು ನಡೆಯುತ್ತಿರುತ್ತದೆ. ಇದನ್ನು ನೋಡಲು ಮಂಡ್ಯ ಜಿಲ್ಲೆಯವರು ಲ್ಯಾಬ್‌ಗೆ ಹೋಗಬೇಕಿಲ್ಲ. ಕಡಿದ ಕಬ್ಬು ಬಿಸಿಲಲ್ಲಿ ಟ್ರ್ಯಾಕ್ಟರ್ ಮೇಲೆ ಕಾಯುತ್ತ ನಿಂತರೆ ತೂಕ ಇಳಿಯುತ್ತದೆ ಎಂದು ರೈತರಿಗೆ ಗೊತ್ತು. ಅದು ನೀರು ಆರುವುದರಿಂದ. ಅದೇ ಹೊತ್ತಿನಲ್ಲಿ ಒಳಗೆ ಇನ್ನೂ ದೊಡ್ಡ ನಷ್ಟ ನಡೆದಿರುತ್ತದೆ. ಕಬ್ಬಿನಲ್ಲೇ ಇರುವ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯ ಅಣುವನ್ನು ನೀರಿನೊಂದಿಗೆ ಸೇರಿಸಿ ಎರಡು ತುಂಡು ಮಾಡುತ್ತದೆ: 342 ಗ್ರಾಂ ಸಕ್ಕರೆಗೆ 18 ಗ್ರಾಂ ನೀರು ಸೇರಿ 180 ಗ್ರಾಂ ಗ್ಲೂಕೋಸ್, 180 ಗ್ರಾಂ ಫ್ರಕ್ಟೋಸ್. ನಾಲಿಗೆಗೆ ರಸ ಸಿಹಿಯಾಗಿಯೇ ಇರುತ್ತದೆ, ಆದರೆ ಇವೆರಡೂ ಸಕ್ಕರೆಯ ಹರಳಾಗಿ ಕೂರುವುದಿಲ್ಲ, ಕಾಕಂಬಿಯ ಜೊತೆ ಹೊರಟುಹೋಗುತ್ತವೆ. ಆಮ್ಲೀಯವಾದ ರಸವನ್ನು ಹಾಗೇ ಕಾಯಿಸಿದರಂತೂ ಈ ಒಡೆತ ಇನ್ನೂ ಜೋರು. ಕಬ್ಬಿನ ಹಾಲು ಸಹಜವಾಗಿಯೇ ತುಸು ಹುಳಿ ಇರುತ್ತದೆ. ಅದಕ್ಕೇ ಕಾರ್ಖಾನೆಯಲ್ಲೂ ಆಲೆಮನೆಯಲ್ಲೂ ಸುಣ್ಣ ಹಾಕುವುದು. ಕೊಪ್ಪರಿಗೆಯ ಮುಂದೆ ನಿಂತ ಬೆಲ್ಲದ ಗುರು ಸುಣ್ಣದ ತಿಳಿಯನ್ನು ಹದ ನೋಡಿ ಬಿಡುವಾಗ ಮಡ್ಡಿ ಮೇಲೆ ತೇಲಿಬರುತ್ತದೆ, ಹುಳಿ ಕಡಿಮೆಯಾಗಿ ಸಕ್ಕರೆ ಒಡೆಯುವುದು ತಗ್ಗುತ್ತದೆ, ಬೆಲ್ಲ ಗಟ್ಟಿ ಕೂರುತ್ತದೆ. ಪುಸ್ತಕ ಓದದೆ ಇಳುವರಿ ಕಾಯುವ ವಿದ್ಯೆ ಅವನದು.

ಕಾಕಂಬಿಗೆ ಹೋದ ಸಿಹಿ ಅಲ್ಲಿಗೇ ಮುಗಿಯುವುದಿಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಕಾಲದಿಂದ ಈ ಭಾಗಕ್ಕೆ ಕಾಕಂಬಿಯೂ ಅದರಿಂದ ಮಾಡುವ ಮದ್ಯಸಾರವೂ ಪರಿಚಿತ. ಈಗಂತೂ ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂದು ದಿನವೂ ಸುದ್ದಿ. ಯೀಸ್ಟ್ 180 ಗ್ರಾಂ ಗ್ಲೂಕೋಸನ್ನು 92 ಗ್ರಾಂ ಎಥನಾಲ್ ಮತ್ತು 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಅಂದರೆ 100 ಕೆ.ಜಿ. ಗ್ಲೂಕೋಸಿನಿಂದ ಹೆಚ್ಚೆಂದರೆ 51.1 ಕೆ.ಜಿ. ಎಥನಾಲ್, ಅಳತೆಯಲ್ಲಿ ಸುಮಾರು 65 ಲೀಟರ್. ಡಿಸ್ಟಿಲರಿಯೊಂದಕ್ಕೆ 46 ಕೆ.ಜಿ. ಸಿಕ್ಕಿದರೆ ಹೊರಗಿನವರ ಕಣ್ಣಿಗೆ ಅರ್ಧಕ್ಕಿಂತಲೂ ಕಡಿಮೆ. ಸರಿಯಾದ ಛೇದದಿಂದ ನೋಡಿದರೆ ಶೇಕಡಾ 90, ಒಳ್ಳೆಯ ಕೆಲಸವೇ. ಬಾಕಿ ಹತ್ತು ಎಲ್ಲಿ ಎಂದು ಹುಡುಕಿದವರಲ್ಲಿ ಫ್ರಾನ್ಸಿನ ಲೂಯಿ ಪ್ಯಾಶ್ಚರ್ ಪ್ರಮುಖ. ಹುಳಿಯುವಾಗ ಎಥನಾಲ್ ಜೊತೆಗೆ ಗ್ಲಿಸರಾಲ್, ಸಕ್ಸಿನಿಕ್ ಆಮ್ಲ ಕೂಡ ಹುಟ್ಟುತ್ತವೆ, ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲೂ ಸಕ್ಕರೆ ಬಳಸುತ್ತದೆ ಎಂದು ಅವನು ತೋರಿಸಿದ. ಜೀವಿಯಿಂದ ಕೆಲಸ ಮಾಡಿಸಿಕೊಂಡ ಮೇಲೆ ಅದರ ಊಟದ ಪಾಲನ್ನು ಬಿಟ್ಟುಕೊಡಲೇಬೇಕು. ಸಮೀಕರಣ ಪೂರ್ತಿ ಕಥೆ ಹೇಳುವುದಿಲ್ಲ ಎಂಬುದು ಕಡಿಮೆ ಬಂದ ಇಳುವರಿಯಿಂದಲೇ ತಿಳಿದುಬಂದದ್ದು.

ಇಳುವರಿ ಕಡಿಮೆ ಬಂದರೆ ಅದು ಸೋಲೇ ಎಂದು ಭಾವಿಸಬೇಡಿ. ಇದಕ್ಕೆ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಉದಾಹರಣೆ ಇದೆ. ಕನ್ನಂಬಾಡಿ ಕಟ್ಟೆಗೆ ಹತ್ತಿರದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ನಿಂತಿತು. ದೇಶದಲ್ಲಿ ಅಮೋನಿಯಾ ಸಂಶ್ಲೇಷಣೆಗೆ ಕೈಹಾಕಿದ ಮೊದಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಗದ್ದೆಗಳಿಗೆ ಬೇಕಾದ ಅಮೋನಿಯಂ ಸಲ್ಫೇಟ್ ಅಲ್ಲಿ ತಯಾರಾಗುತ್ತಿತ್ತು. ಫ್ರಿಟ್ಸ್ ಹೇಬರ್ 1909ರಲ್ಲಿ ಮಾಡಿ ತೋರಿಸಿ, ಕಾರ್ಲ್ ಬಾಷ್ ಕಾರ್ಖಾನೆಯ ಮಟ್ಟಕ್ಕೆ ತಂದ ವಿಧಾನದಲ್ಲಿ 28 ಕೆ.ಜಿ. ಸಾರಜನಕ, 6 ಕೆ.ಜಿ. ಜಲಜನಕ ಸೇರಿ 34 ಕೆ.ಜಿ. ಅಮೋನಿಯಾ ಆಗಬೇಕು. ಆದರೆ ಈ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಹುಟ್ಟಿದ ಅಮೋನಿಯಾ ಮತ್ತೆ ಒಡೆದು ಸಾರಜನಕ, ಜಲಜನಕ ಆಗುತ್ತದೆ. 450 ಡಿಗ್ರಿ ಆಸುಪಾಸಿನ ಶಾಖ, ವಾತಾವರಣದ 200 ಪಟ್ಟು ಒತ್ತಡ ಕೊಟ್ಟರೂ ಅನಿಲ ಒಮ್ಮೆ ಹಾದುಹೋದಾಗ ಅಮೋನಿಯಾ ಆಗುವುದು ಹೆಚ್ಚುಕಡಿಮೆ ಶೇಕಡಾ 15. 34 ಕೆ.ಜಿ. ಅನಿಲಕ್ಕೆ ಐದು ಕೆ.ಜಿ.! ಇದನ್ನೇ ಕೊನೆಯ ಇಳುವರಿ ಎಂದುಕೊಂಡಿದ್ದರೆ ಜಗತ್ತಿನಲ್ಲಿ ಯಾವ ಗೊಬ್ಬರದ ಕಾರ್ಖಾನೆಯೂ ಏಳುತ್ತಿರಲಿಲ್ಲ. ಎಂಜಿನಿಯರುಗಳು ಹೊರಬಂದ ಅನಿಲವನ್ನು ತಣಿಸಿ ಅಮೋನಿಯಾವನ್ನು ದ್ರವವಾಗಿ ಇಳಿಸಿಕೊಂಡು, ಉಳಿದದ್ದನ್ನು ಮತ್ತೆ ಅದೇ ಕೋಠಿಗೆ ಕಳಿಸಿದರು. ಹೀಗೆ ಸುತ್ತಿಸುತ್ತಲೇ ಇದ್ದರೆ ಒಟ್ಟು ಇಳುವರಿ ಶೇಕಡಾ 95 ದಾಟುತ್ತದೆ. ಒಂದು ಸುತ್ತಿನ ಶೇಕಡಾ ಬೇರೆ, ಇಡೀ ಪ್ರಕ್ರಿಯೆಯ ಶೇಕಡಾ ಬೇರೆ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಿ ಬರೆಯುವವರು ಬಹಳ.

ಔಷಧ ತಯಾರಿಕೆಯಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮಂಡ್ಯ, ಮೈಸೂರು ಕಡೆಯ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದಿದ ಎಷ್ಟೋ ಹುಡುಗರು ನಂಜನಗೂಡು, ಬೆಂಗಳೂರಿನ ಔಷಧ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಒಂದು ಔಷಧ ಒಂದೇ ಹೆಜ್ಜೆಗೆ ತಯಾರಾಗುವುದು ಅಪರೂಪ. ಹತ್ತು ಹೆಜ್ಜೆ ಇದ್ದು ಪ್ರತಿ ಹೆಜ್ಜೆಯಲ್ಲೂ ಶೇಕಡಾ 90 ಬಂದರೆ ಕೊನೆಗೆ ಉಳಿಯುವುದು ಎಷ್ಟು? ತೊಂಬತ್ತೇ ಎಂದು ಹೇಳಿಬಿಡಬೇಡಿ. 0.9ನ್ನು ಹತ್ತು ಸಲ ಗುಣಿಸಬೇಕು. ಬರುವುದು ಶೇಕಡಾ 35. ಅದಕ್ಕೇ ಹೆಜ್ಜೆ ಕಡಿಮೆ ಮಾಡಿದವನಿಗೆ ಅಲ್ಲಿ ಬೆಲೆ. ನೋವಿಗೆ ನಾವು ನುಂಗುವ ಐಬುಪ್ರೊಫೇನ್ ಮಾತ್ರೆಯನ್ನು ಮೊದಲು ಬ್ರಿಟನ್ನಿನ ಬೂಟ್ಸ್ ಕಂಪನಿ ಆರು ಹೆಜ್ಜೆಯಲ್ಲಿ ತಯಾರಿಸುತ್ತಿತ್ತು, ಆಮೇಲೆ ಬಂದ ವಿಧಾನಕ್ಕೆ ಮೂರೇ ಹೆಜ್ಜೆ ಸಾಕಾಯಿತು. ಇಲ್ಲಿ ಶೇಕಡಾ ಇಳುವರಿ ಹೇಳದ ಸಂಗತಿಯೊಂದೂ ಇದೆ. ಎಲ್ಲ ಹೆಜ್ಜೆಯಲ್ಲೂ ನೂರಕ್ಕೆ ನೂರು ಬಂದರೂ ಹಳೆಯ ವಿಧಾನದಲ್ಲಿ ಹಾಕಿದ ಪರಮಾಣುಗಳ ತೂಕದಲ್ಲಿ ಮಾತ್ರೆಗೆ ಸೇರುತ್ತಿದ್ದುದು ಶೇಕಡಾ 40, ಮಿಕ್ಕಿದ್ದೆಲ್ಲ ತ್ಯಾಜ್ಯ. ಹೊಸದರಲ್ಲಿ ಅದು ಶೇಕಡಾ 77. ಇದನ್ನು ಅಳೆಯಲು 1991ರಲ್ಲಿ ಅಮೆರಿಕದ ಬ್ಯಾರಿ ಟ್ರಾಸ್ಟ್ ಆಟಂ ಎಕಾನಮಿ ಎಂಬ ಇನ್ನೊಂದು ಶೇಕಡಾವನ್ನು ಮುಂದಿಟ್ಟರು. ಅದರ ಛೇದ ಹಾಕಿದ ಎಲ್ಲ ಪದಾರ್ಥಗಳ ಒಟ್ಟು ತೂಕ. ಮಾತ್ರೆ ಎಷ್ಟು ಬಂತು ಎಂದು ಕೇಳಿದರೆ ಒಂದು ಉತ್ತರ, ಕೆರೆ ಹೊಳೆಗೆ ಎಷ್ಟು ಹೋಗುವುದಿತ್ತು ಎಂದು ಕೇಳಿದರೆ ಇನ್ನೊಂದು ಉತ್ತರ. ಎರಡೂ ಪ್ರಶ್ನೆ ನಮಗೆ ಬೇಕಾದವೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಒಂದು ಅಭಿಪ್ರಾಯವನ್ನೂ ಹೇಳುತ್ತೇನೆ. ನಮ್ಮ ಕಾಲೇಜುಗಳ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಇಳುವರಿಗೆ ಅಂಕ ಕೊಡುವ ರೂಢಿ ಇದೆ. ಹೆಚ್ಚು ಬಂದವರಿಗೆ ಹೆಚ್ಚು ಅಂಕ. ಇದರಿಂದ ಏನಾಗಿದೆಯೆಂದರೆ, ಹಳೆಯ ರೆಕಾರ್ಡ್ ಪುಸ್ತಕಗಳು ಕೈಯಿಂದ ಕೈಗೆ ಸಾಗಿ, ಎಲ್ಲರ ಇಳುವರಿಯೂ ಪ್ರತಿ ವರ್ಷವೂ ಎಂಬತ್ತರ ಮೇಲೆ ಎಂಬತ್ತೈದರ ಕೆಳಗೆ ಬಂದು ಕೂರುತ್ತದೆ. ತಕ್ಕಡಿ ಹೇಳಿದ್ದನ್ನು ಬರೆಯುವ ಧೈರ್ಯವನ್ನು ನಾವೇ ಮಕ್ಕಳಿಂದ ಕಿತ್ತುಕೊಂಡಂತಾಗಿದೆ. ಮೊದಲ ಸಲ ಮಾಡಿದವನಿಗೆ ಶೇಕಡಾ 55 ಬಂದರೆ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಾಕಿ 45ಕ್ಕೆ ಅವನು ಕಾರಣ ಹುಡುಕಿದ್ದಾನೆಯೇ, ತೊಳೆದ ನೀರನ್ನು ತಣಿಸಿ ಇನ್ನಷ್ಟು ಹರಳು ಇಳಿಯುತ್ತದೆಯೇ ಎಂದು ನೋಡಿದ್ದಾನೆಯೇ, ಕರಗುವ ಬಿಂದು ಬರೆದಿದ್ದಾನೆಯೇ ಎಂಬುದಕ್ಕೆ ಅಂಕ ಸಿಗಬೇಕು. ರಸಾಯನಶಾಸ್ತ್ರ ಬೆಳೆದು ಬಂದದ್ದೇ ತೂಕ ಎಲ್ಲಿ ಹೋಯಿತು ಎಂದು ಹಟ ಹಿಡಿದು ಕೇಳಿದವರಿಂದ.

ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟು. ಈ ಪಾಠ ಮಾಡುವಾಗ ಒಂದು ದಿನ ಮಕ್ಕಳನ್ನು ಹತ್ತಿರದ ಆಲೆಮನೆಗೆ ಕರೆದುಕೊಂಡು ಹೋಗಿ. ಅರೆದ ಕಬ್ಬು ಎಷ್ಟು, ಬಂದ ರಸ ಎಷ್ಟು, ಇಳಿದ ಬೆಲ್ಲ ಎಷ್ಟು ಎಂದು ಅವರೇ ತೂಗಿ ಬರೆಯಲಿ, ಪ್ರತಿ ಶೇಕಡಾದ ಪಕ್ಕದಲ್ಲಿ ಯಾವುದರಿಂದ ಭಾಗಿಸಿದೆ ಎಂದು ನಮೂದಿಸಲಿ. ಆಮೇಲೆ ಲ್ಯಾಬ್‌ಗೆ ಬಂದು ಆಸ್ಪಿರಿನ್ ಮಾಡಲಿ. ರೆಕಾರ್ಡ್ ಪುಸ್ತಕದಲ್ಲಿ ಇಳುವರಿಯ ಸಾಲಿನ ಕೆಳಗೆ ‘ಉಳಿದದ್ದು ಎಲ್ಲಿ ಹೋಯಿತು’ ಎಂದು ಇನ್ನೊಂದು ಸಾಲು ಸೇರಿಸಿ, ಅಂಕವನ್ನು ಆ ಸಾಲಿಗೆ ಕೊಡಿ. ವಿದ್ಯಾರ್ಥಿಗಳೇ, ನೀವೂ ಅಷ್ಟೇ: ಚೆನ್ನಾಗಿ ಒಣಗಿಸಿ ತೂಗಿ, ತೂಗಿದ್ದನ್ನು ತೂಗಿದಂತೆಯೇ ಬರೆಯಿರಿ.